ಎರವಲು ಕಣ್ಣು, ಎರವಲು ಕಿವಿ

ಇರುವ ಸಾಮಾನನ್ನೇ ಮತ್ತೊಮ್ಮೆ ಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಜೇಬಿನಲ್ಲಿರುವ ಫೋನಿಗೆ ಕಣ್ಣಿದೆ, ಕಿವಿಯಿದೆ. ಆದರೂ ನಮ್ಮ ಶಾಲೆಯ ಮೇಷ್ಟ್ರುಗಳು ಕಂಪ್ಯೂಟರಿಗೆಂದು ಬೇರೆ ಕ್ಯಾಮೆರಾ, ಬೇರೆ ಮೈಕು ಕೊಂಡು ಸ್ಟಾಫ್ ರೂಮಿನಲ್ಲಿ ಮೆರೆಯುತ್ತಾರೆ. ವಿಜ್ಞಾನ ಪಾಠ ಮಾಡುವ ನಾನು ಆ ಪೈಕಿಯವನಲ್ಲ. ಚಾಮರಾಜನಗರದ ನಮ್ಮ ಮನೆಯ ಹಳೇ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಬಿಟ್ಟಿ ತಂತ್ರಾಂಶ ಹಾಕಿಕೊಂಡಿದ್ದೇನೆ. ಅದರಲ್ಲಿ ಎರಡು ಸಾಲು ಟೈಪ್ ಮಾಡಿದರೆ ಸಾಕು, ಮಗಳು ಚೈತ್ರಳ ಫೋನಿನ ಕ್ಯಾಮೆರಾ, ಮೈಕು ಎರಡೂ ಕಂಪ್ಯೂಟರಿನವೇ ಆಗಿಬಿಡುತ್ತವೆ. ಅವಳ ಫೋನೇ ಏಕೆಂದರೆ ಮನೆಯಲ್ಲಿ ಒಳ್ಳೆಯ ಕ್ಯಾಮೆರಾ ಇರುವುದು ಅದರಲ್ಲೇ. ಈ ಅಂಗಾಂಗ ದಾನಕ್ಕೆ ಅವಳ ಒಪ್ಪಿಗೆ ಕೇಳುವ ಪದ್ಧತಿ ನಾನಿಟ್ಟುಕೊಂಡಿಲ್ಲ.

ಈಗ ಹೆಣ್ಣು ನೋಡುವುದಕ್ಕೂ ಒಂದು ಪೂರ್ವಭಾವಿ ಪರೀಕ್ಷೆ ಬಂದಿದೆ. ಮೊದಲು ವಿಡಿಯೋದಲ್ಲಿ ಮುಖ ನೋಡುವುದು; ಹಿಡಿಸಿದರೆ ಮಾತ್ರ ಕಾರು ಮಾಡಿಕೊಂಡು ಬಂದು ಉಪ್ಪಿಟ್ಟು ತಿನ್ನುವುದು. ಗುಂಡ್ಲುಪೇಟೆ ಕಡೆಯ ಭೀಮನಬೀಡಿನವರು ಚೈತ್ರಳನ್ನು ಹಾಗೆ ನೋಡುವುದೆಂದು ಮಾತಾಯಿತು. ಹುಡುಗನಿಗೆ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಕೆಲಸ. ಬಂದ ಗಂಡುಗಳಿಗೆಲ್ಲ ಮೂಗು ಮುರಿದಿದ್ದ ಚೈತ್ರ, ಇವನ ಫೋಟೋವನ್ನು ಎರಡೆರಡು ಸಲ ನೋಡಿ ಒಳಗೆ ಹೋಗಿದ್ದಳು. ನನ್ನ ಹೆಂಡತಿ ಸಾವಿತ್ರಿ ಅಷ್ಟರಿಂದಲೇ ಎಲ್ಲವನ್ನೂ ತಿಳಿದುಕೊಂಡಳು.

"ನೆಟ್ಟಗೆ ಫೋನಲ್ಲೇ ಮಾತಾಡ್ಬುಟ್ರೆ ಆಯ್ತದಲ್ಲ, ಈ ಡಬ್ಬ ಯಾಕೆ ಮಧ್ಯುಕ್ಕೆ?" ಎಂದಳು. ಅಂಗೈಯಗಲದ ಪರದೆಯಲ್ಲಿ ಅಳಿಯನನ್ನು ಹುಡುಕುವುದು ಅವಿವೇಕಿಗಳ ಲಕ್ಷಣ ಎಂದೆ. "ಈ ಸಂಬಂಧ ತಪ್ಪೋಗ್ಲಿ, ನಿಮ್ಗೂ ಡಬ್ಬುಕ್ಕೂ ಒಂದೇ ಗತಿ ಕಾಣುಸ್ತೀನಿ" ಎಂದು ಅವಳು ಒಳಗೆ ಹೋದಳು. ಲಿನಕ್ಸ್ ಅರಿಯದವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಫೋನನ್ನು ಕಂಪ್ಯೂಟರಿನ ಪಕ್ಕದ ಕಿಟಕಿ ಕಟ್ಟೆಯ ಮೇಲೆ ಉಪ್ಪಿನಕಾಯಿ ಜಾಡಿಗೆ ಒರಗಿಸಿ ನಿಲ್ಲಿಸಿದೆ. ಕಂಪ್ಯೂಟರಿನ ಪರದೆಯಲ್ಲಿ ಹುಡುಗ, ಅವನ ಅಪ್ಪ, ಸೋದರತ್ತೆ ಮೂವರೂ ಲಕ್ಷಣವಾಗಿ ಬಂದರು. ಚೈತ್ರ ತಲೆಯೆತ್ತಿ ಪರದೆಯಲ್ಲಿದ್ದ ಹುಡುಗನನ್ನು ನೋಡಿದಳು. ಅತ್ತೆ ಮುಂದಕ್ಕೆ ಬಾಗಿ, "ಹೆಣ್ಣು ಯಾಕ್ಲಾ ಅತ್ಲಾಗ್ ನೋಡ್ತದೆ? ಒಸಿ ವಾರೆಗಣ್ಣಾ?" ಎಂದು ಹುಡುಗನನ್ನು ಕೇಳಿದಳು.

ಪರದೆ ಒಂದು ಕಡೆ, ಕ್ಯಾಮೆರಾ ಇನ್ನೊಂದು ಕಡೆ ಇದ್ದರೆ ಹಾಗೇ ಕಾಣುತ್ತದೆಂದು ನಾನು ವಿವರಿಸಿದೆ. ಯಾರಿಗೂ ಅರ್ಥವಾಗಲಿಲ್ಲ. ಹಳ್ಳಿಯವರಿಗೆ ದೃಗ್ವಿಜ್ಞಾನ ಹೇಳಿ ಏನು ಪ್ರಯೋಜನ ಎಂದುಕೊಂಡು, "ಜಾಡಿ ಕಡೆ ನೋಡಮ್ಮ" ಎಂದೆ. ಅವಳು ಜಾಡಿಯತ್ತ ತಿರುಗಿದಳು. ಕಂಪ್ಯೂಟರಿನಿಂದ "ಹಾಂ, ಈಗ ಸರ್ಯಾಗದೆ" ಎಂದು ಅತ್ತೆಯ ದನಿ ಬಂತು.

"ಅಪ್ಪ, ಅವ್ರು ನಂಗೆ ಕಾಣ್ತಿಲ್ಲ" ಎಂದಳು ಚೈತ್ರ.

"ಅವರಿಗೆ ನೀನು ಕಾಣ್ತಿದೀಯಲ್ಲ, ಸಾಕು."

"ನಾನು ಮದ್ವೆ ಆಗೋದು ಉಪ್ಪಿನ್ಕಾಯಿ ಜಾಡೀನಾ?" ಎಂದವಳೇ ಎದ್ದು ತನ್ನ ಫೋನು ಕಿತ್ತುಕೊಂಡು ಹಿತ್ತಲಿಗೆ ನಡೆದಳು. ಅಲ್ಲಿಂದಲೇ ನೇರವಾಗಿ, ಫೋಟೋದ ಜೊತೆ ಬಂದಿದ್ದ ಹುಡುಗನ ನಂಬರಿಗೆ ಕರೆ ಮಾಡಿದಳು. ಪರದೆಯಲ್ಲಿ ಅವನೂ ಜೇಬು ತಡಕಿ, ಫೋನು ಕಿವಿಗಿಟ್ಟು, ನಗುತ್ತ ಎದ್ದುಹೋದ.

ನಮ್ಮ ಕಂಪ್ಯೂಟರಿಗೆ ಈಗ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಸ್ಪೀಕರು ಮಾತ್ರ ಅದರ ಸ್ವಂತದ್ದು. ಹಾಗಾಗಿ ಅವರಿಗೆ ನಾವು ಕಾಣುತ್ತಿರಲಿಲ್ಲ, ಕೇಳುತ್ತಿರಲಿಲ್ಲ; ನಮಗೆ ಮಾತ್ರ ಅಪ್ಪ, ಅತ್ತೆ ಇಬ್ಬರೂ ಚೆನ್ನಾಗಿ ಕೇಳುತ್ತಿದ್ದರು.

"ಕಟ್ಟಾಯ್ತು ಬುಡು" ಎಂದಳು ಅತ್ತೆ. "ಹೆಣ್ಣು ಚೆಂದಾಗವ್ಳೆ ಕಣಣ್ಣ. ಭಾನ್ವಾರ ಓಗನ."

ಸಾವಿತ್ರಿ ದೇವರ ಗೂಡಿನ ಕಡೆ ಕೈಮುಗಿದಳು.

"ಹೆಣ್ಣು ಚಿನ್ನ, ಒಪ್ಗೆ ಆಯ್ತು" ಎಂದ ಅಪ್ಪ. "ಆದ್ರೆ ಆ ಬೀಗಂದೇ ದಿಗ್ಲು ಕಣಮ್ಮಿ. ನಾಳೆ ನಮ್ಮನೆಗ್ ಬಂದು ಟಿವಿ ಬಿಚ್ಚಿ ಒಲೆಗೆ ಸೇರುಸ್ಬುಟ್ಟಾನು!"

"ಅಷ್ಟೂ ತಿಳೀದೋನು ಮಕ್ಳಿಗೆ ಏನ್ ಪಾಠ ಹೇಳ್ಕೊಟ್ಟಾನು, ಪಾಪ!" ಎಂದಳು ಅತ್ತೆ.

ನನಗೆ ಮೈಯೆಲ್ಲ ಉರಿದುಹೋಯಿತು. ಪರದೆಯ ಮುಂದೆ ಎದ್ದು ನಿಂತು, ನಾನು ಯಾರು, ಲಿನಕ್ಸ್ ಎಂದರೇನು, ನೋಟ ಏಕೆ ವಾರೆಯಾಗುತ್ತದೆ, ಎಲ್ಲವನ್ನೂ ಕೂಗಿ ಕೂಗಿ ಹೇಳಿದೆ. ಅವರು ನಿಶ್ಚಿಂತೆಯಾಗಿ ಎಲೆಯಡಿಕೆ ಹಾಕಿಕೊಂಡರು.

"ಒಸಿ ಜೋರಾಗ್ ಕೂಗಿ" ಎಂದಳು ಪಕ್ಕದಲ್ಲಿದ್ದ ಸಾವಿತ್ರಿ. "ಭೀಮನಬೀಡೇನು ಅಷ್ಟು ದೂರ ಇಲ್ಲ."