ಮಗುಚದ ಮಗ

ಈ ಕೊಪ್ಪ ಪೇಟೆಯಲ್ಲಿ ನನ್ನ ಹಾಗೆ ಗಂಟು ಹಾಕುವವರು ಯಾರಿದ್ದಾರೆ, ತೋರಿಸಿ! ಬಸ್ಸಿನ ಪಾರ್ಸೆಲ್ ಏಜೆಂಟ್ ನಾನು. ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ನಾನು ಕಟ್ಟಿದ ಪಾರ್ಸೆಲ್ ಆಗುಂಬೆ ಘಾಟಿ ಇಳಿದು ಉಡುಪಿ ಮುಟ್ಟಿದರೂ ದಾರ ಒಂದೆಳೆ ಸಡಿಲವಾಗುವುದಿಲ್ಲ. ಅಂಥವನಿಗೆ ಮಗ ಹುಟ್ಟಿದ ಮೇಲೆ, ಅವನನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸುವ ಮಹತ್ಕಾರ್ಯವನ್ನು ಹೆಂಗಸರ ಕೈಗೆ ಬಿಡಲಾದೀತೆ? ಛೆ!

ಹೆಂಡತಿ ನಿಶ್ಚಿತಾ ಬಾಣಂತನ ಮುಗಿಸಿ ಮುತ್ತಿನಕೊಪ್ಪದಿಂದ ಬಂದಳು. ಜೊತೆಗೆ ಅವಳ ಅಮ್ಮ ಜಲಜಮ್ಮನವರೂ ಬಂದರು. ಅತ್ತೆ ಕೂಸನ್ನು ಸುತ್ತುವ ಚಂದ ನೋಡಬೇಕಿತ್ತು! ಹಳೇ ಪಂಚೆಯ ತುಂಡು, ಎರಡು ಮಡಿಕೆ, ಅಲ್ಲಿಗೆ ಆಯಿತಂತೆ. ಕೂಸು ಒಮ್ಮೆ ಒದ್ದರೆ ಕೈಯೊಂದು ಕಡೆ, ಕಾಲೊಂದು ಕಡೆ.

"ಆಚೆ ಸರೀರಿ ಅತ್ತೆ, ಇದು ಗೊತ್ತಿದ್ದವರ ಕೆಲಸ" ಎಂದು ನಾನೇ ಕೂತೆ. ಎಡದಿಂದ ಒಂದು ಸುತ್ತು, ಬಲದಿಂದ ಒಂದು ಸುತ್ತು, ಕೆಳಗಿನ ಚುಂಗು ಮೇಲಕ್ಕೆ, ಅದರ ಮೇಲೊಂದು ಗಂಟು. ಮುಖವೊಂದನ್ನು ಬಿಟ್ಟು ಮಗ ಪೂರ್ತಿ ಪ್ಯಾಕ್! ಅಳು ನಿಂತಿತು, ನಿದ್ದೆ ಬಂತು. ಅಂದಿನಿಂದ ಹಗಲಿರಲಿ ರಾತ್ರಿಯಿರಲಿ, ಯಾರಾದರೂ ಅವನನ್ನು ತೊಡೆಯಿಂದ ಇಳಿಸಿದರೆ ಸಾಕು, ನಾನು ಹಾಜರ್.

ಐದು ತಿಂಗಳು ತುಂಬಿತು.

"ಇನ್ನು ಸಾಕು ಅಳಿಯಂದ್ರೆ" ಎಂದರು ಅತ್ತೆ. "ಮಗುಚೋ ಕೂಸು. ಕೈಕಾಲು ಬಿಟ್ಟು ಮಲಗಿಸುವ."

"ಶೀತ ಆದ್ರೆ ನೀವು ಜವಾಬ್ದಾರಿಯಾ?"

"ಎಂತ ಶೀತ ಮಾರಾಯ್ರೆ, ಕೂಸು ಬೆವೆತು ತೊಯ್ದು ಹೋಗಿದೆ!" ಎಂದಳು ನಿಶ್ಚಿತಾ.

ನಾನು ಕೇಳಿದರೆ ತಾನೆ! ತಾಯಿ ಮಗಳ ಹಳ್ಳಿ ವೈದ್ಯಕ್ಕೆ ಕಿವಿಗೊಡಲು ನಾನೇನು ನಿನ್ನೆ ಮೊನ್ನೆ ಕಣ್ಣು ಬಿಟ್ಟವನೆ?

ಆಮೇಲೆ ಪಕ್ಕದ ಮನೆಯ ಯಮುನಮ್ಮ ಬೇಲಿಯಾಚೆಯಿಂದ ಕೂಗಿದರು. "ನಮ್ಮ ಮೊಮ್ಮಗಳು ನಿನ್ನೆ ಮಗುಚಿದ್ಲು! ನಿಮ್ಮ ಮಾಣಿ ಅವಳಿಗಿಂತ ದೊಡ್ಡವನಲ್ವಾ? ಇನ್ನೂ ಇಲ್ವಾ? ಅಯ್ಯೋ ಪಾಪ!"

ಆ 'ಅಯ್ಯೋ ಪಾಪ' ನೇರ ಎದೆಗೆ ನಾಟಿತು. ಹೌದಲ್ಲ! ನನ್ನ ಮಗ ಇಟ್ಟಲ್ಲೇ ಇರುತ್ತಾನೆ, ಒಂದಿಂಚು ಅಲುಗುವುದಿಲ್ಲ! ಸೊಂಟದಲ್ಲಿ ಶಕ್ತಿ ಇಲ್ಲವೆ? ಬೆನ್ನಿನಲ್ಲೇ ಏನಾದರೂ ದೋಷವೆ? ನಿಜಕ್ಕೂ ಹೆದರಿದೆ. ಗುಟ್ಟಾಗಿ ಹರಕೆಯನ್ನೂ ಹೊತ್ತೆ.

"ಒಂದ್ಸಲ ಬಿಚ್ಚಿ ಕೆಳಗೆ ಬಿಟ್ಟು ನೋಡಿ ಅಳಿಯಂದ್ರೆ."

"ಇದು ನಿಮಗೆ ಅರ್ಥ ಆಗೋ ವಿಷಯ ಅಲ್ಲ ಅತ್ತೆ!" ಎಂದು ಗದರಿ, ಹೆಂಡತಿ ಮಗನನ್ನು ಆಟೋ ಹತ್ತಿಸಿಕೊಂಡು ಮಕ್ಕಳ ಡಾಕ್ಟರ ಬಳಿಗೆ ಓಡಿದೆ. ಆಟೋದಲ್ಲಿ ಗಾಳಿ ತಾಗೀತೆಂದು ಇನ್ನೊಂದು ಸುತ್ತು ಹೆಚ್ಚಿಗೆ!

ಡಾಕ್ಟರು ನನ್ನ ಗಂಟಿನ ಜೊತೆ ಗುದ್ದಾಡಿ ಸೋತು ಕತ್ತರಿ ತರಿಸಿದರು. "ಯಾರ್ರೀ ಇದನ್ನ ಸುತ್ತಿದ್ದು?"

"ನಾನೇ ಸಾರ್!" ಎಂದು ಎದೆಯುಬ್ಬಿಸಿದೆ.

ಕೊನೆಯ ಸುತ್ತು ಬಿಚ್ಚಿತು ನೋಡಿ, ಮಗರಾಯ ಮೈಮುರಿದ, ಕಾಲೆತ್ತಿದ, ಗಿರಕ್ಕನೆ ಮಗುಚಿ ತಲೆಯೆತ್ತಿ ನನ್ನನ್ನೇ ದುರುಗುಟ್ಟಿ ನೋಡಿದ!

"ಮಗುಚಿದ! ಎಂತ ಮದ್ದು ಕೊಟ್ರಿ ಸಾರ್?"

"ಮದ್ದು ಎಂತದೂ ಇಲ್ಲ ಮಾರಾಯ್ರೆ. ಬಟ್ಟೆ ಬಿಚ್ಚಿದೆ, ಅಷ್ಟೆ." ಡಾಕ್ಟರು ನಕ್ಕರು. ಆದರೆ ನಗು ಅಲ್ಲಿಗೆ ನಿಂತಿತು. "ಮಗು ಮಗುಚೋ ಪ್ರಯತ್ನ ಶುರು ಮಾಡ್ತು ಅಂದ್ರೆ ಸುತ್ತೋದು ನಿಲ್ಲಿಸಿಬಿಡ್ಬೇಕು. ಸುತ್ತಿದ ಹಾಗೇ ಬೋರಲಾದ್ರೆ ಕೈ ಊರಿ ಮುಖ ಎತ್ತೋಕಾಗಲ್ಲ, ಉಸಿರು ಕಟ್ಟತ್ತೆ. ಮನೇಲಿ ಹಿರಿಯರು ಯಾರೂ ಹೇಳ್ಲಿಲ್ವಾ?"

ನಿಶ್ಚಿತಾ ನನ್ನ ಕಡೆ ನೋಡಿದಳು. ಮಗನನ್ನು ಎತ್ತಿ ಎದೆಗೆ ಹಿಡಿದುಕೊಂಡೆ, ಸಡಿಲವಾಗಿಯೇ.

ಕೂಸು ಮೊದಲ ಸಲ ಮಗುಚಿದ ದಿನ ದೋಸೆ ಮಾಡುವುದು ಅತ್ತೆಯ ಮನೆಯ ರೂಢಿ. ಸಂಜೆ ಯಮುನಮ್ಮನವರಿಗೂ ಕರೆ ಹೋಯಿತು. ಅವರಿಗೆ ಗರಿಗರಿ ದೋಸೆ, ನಿಶ್ಚಿತಾಳಿಗೆ ತುಪ್ಪದ ದೋಸೆ. ನನ್ನ ತಟ್ಟೆಗೆ ಬಿದ್ದದ್ದು ತಳ ಸೀದು ಕರ್ರಗಾಗಿತ್ತು, ಮೇಲೆ ಹಸಿ ಹಿಟ್ಟು!

"ಅತ್ತೆ, ಇದನ್ನ ಮಗುಚೇ ಇಲ್ವಲ್ಲ?"

ಅತ್ತೆ ಕಾವಲಿಯಿಂದ ಕಣ್ಣೆತ್ತದೆ ಹೇಳಿದರು: "ಬಿಗಿಯಾಗಿ ಮುಚ್ಚಿ ಇಟ್ಟು ಕಾದೆ ಅಳಿಯಂದ್ರೆ. ಯಾಕೋ ತಾನಾಗಿ ಮಗುಚ್ಲೇ ಇಲ್ಲ. ಡಾಕ್ಟ್ರಿಗೆ ತೋರ್ಸನಾ?"