ಗಡ್ಡವನ್ನು ಮಾತ್ರ ಬಲ್ಲ ಬಾಗಿಲಿಗೆ

ಸ್ಟುಡಿಯೋದ ಹೆಬ್ಬಾಗಿಲಲ್ಲಿದ್ದು, ಬಂದವರ ಮುಖ ನೋಡಿ ಒಳಗೆ ಬಿಡುವ ಘನ ಯಂತ್ರದ ಸನ್ನಿಧಿಗೆ,

ಮಾನ್ಯರೇ,

ತಮ್ಮ ಗಾಜಿನ ಕಣ್ಣಿಗೆ ಧೂಳು ಬೀಳದಿರಲಿ, ತಮಗೆ ಕರೆಂಟು ಎಂದೂ ಕೈಕೊಡದಿರಲಿ ಎಂದು ಹಾರೈಸುತ್ತಾ, ಇಪ್ಪತ್ತಾರು ವರ್ಷ ರಂಗದ ಮೇಲೂ ತೆರೆಯ ಮೇಲೂ ದುಡಿದ ಈ ನಟನು ತಮ್ಮ ಪಾದಗಳಿಗೆ, ಅಂದರೆ ತಮ್ಮನ್ನು ಗೋಡೆಗೆ ಬಿಗಿದಿರುವ ನಾಲ್ಕು ಸ್ಕ್ರೂಗಳಿಗೆ, ನಮಸ್ಕರಿಸುತ್ತಾನೆ.

ನನ್ನ ವೃತ್ತಿಜೀವನವೆಲ್ಲ ಅಂಟಿಸಿದ ಒಂದು ಬೂದು ಗಡ್ಡದ ಹಿಂದೆಯೇ ಕಳೆದಿದೆ. ನಾಟಕಗಳಲ್ಲಿ ಮುದಿ ರಾಜ, ಮಂತ್ರವಾದಿ, ಭಿಕ್ಷುಕ. ಸಿನಿಮಾಗಳಲ್ಲಿ ಹಡಗಿನ ಕಪ್ತಾನ, ತಲೆಕೆಟ್ಟ ವಿಜ್ಞಾನಿ, ಎರಡು ಸಲ ದೆವ್ವ. ತಮ್ಮನ್ನು ಇಲ್ಲಿ ಪ್ರತಿಷ್ಠಾಪಿಸಿದ ದಿನ ನಾನು ಕಪ್ತಾನನ ವೇಷದಲ್ಲಿದ್ದೆ. ಎಲ್ಲರ ಜೊತೆ ಸಾಲಿನಲ್ಲಿ ನಿಂತು ಗಡ್ಡಸಮೇತ ತಮ್ಮ ನೆನಪಿಗೆ ಮುಖ ಕೊಟ್ಟುಬಿಟ್ಟೆ. ತಪ್ಪು ನನ್ನದೇ.

ಹೋದ ತಿಂಗಳು ನಿರ್ದೇಶಕರು ಫೋನ್ ಮಾಡಿ, "ಮಗಳನ್ನ ಬಸ್ಸು ಹತ್ತಿಸಿ ಬರೋ ಅಪ್ಪನ ಪಾತ್ರ. ಗಡ್ಡ ಬೇಡ, ನಿಮ್ಮ ಮುಖಾನೇ ಬೇಕು" ಎಂದರು. ನನಗಿಂತ ಹೆಚ್ಚು ಹಿಗ್ಗಿದವರು ನನ್ನ ಅಮ್ಮ. "ಗಡ್ಡ ತೋರಿಸಿ ಇವನೇ ನನ್ನ ಮಗ ಅಂತ ಪಕ್ಕದ ಮನೆಯವಳಿಗೆ ಹೇಳಿ ಹೇಳಿ ಸಾಕಾಗಿದೆ ಕಣೋ. ಕಣ್ಣು ಮಂಜಾಗೋ ಮುಂಚೆ ಒಂದ್ಸಲ ಪರದೆ ಮೇಲೆ ನಿನ್ನ ಮುಖ ನೋಡ್ಬೇಕು" ಎಂದರು. ಅಮ್ಮನ ಆ ಒಂದು ಆಸೆಗಾಗಿ ನುಣ್ಣಗೆ ಕ್ಷೌರ ಮಾಡಿಸಿಕೊಂಡು ಬಂದವನನ್ನು ತಾವು ಸಾವಧಾನವಾಗಿ ನೋಡಿ, "ಅಪರಿಚಿತ ವ್ಯಕ್ತಿ" ಎಂದಿರಿ.

ಹನ್ನೊಂದು ವರ್ಷದಿಂದ ನನ್ನ ಜೊತೆ ಟೀ ಕುಡಿಯುವ ಕಾವಲುಗಾರರು, "ನೀವೇ ಅಂತ ನಂಗೊತ್ತು ಸಾರ್, ಅದಕ್ಕೆ ಗೊತ್ತಾಗ್ಬೇಕಲ್ಲ" ಎಂದು ಕೈಚೆಲ್ಲಿದರು. ವಿಧಿಯಿಲ್ಲದೆ ಗಡ್ಡ ಅಂಟಿಸಿಕೊಂಡೆ. "ಸ್ವಾಗತ, ಹಿರಿಯ ನಟರೇ" ಎಂದು ತಾವು ಜೇನಿನಂಥ ದನಿಯಲ್ಲಿ ಬಾಗಿಲು ತೆರೆದಿರಿ. ಒಳಗೆ ಹೋಗಿ ಗಡ್ಡ ಕಿತ್ತರೆ, ಅಂಟಿನ ಉರಿಗೆ ಕೆನ್ನೆಗಳು ಟೊಮೆಟೊ ಹಣ್ಣಾಗಿದ್ದವು. ಶೂಟಿಂಗ್ ಆಗದೆ ನಾಲ್ಕು ದಿನ ಇದೇ ಪಾಡು. ಐದನೇ ದಿನ ನಿರ್ದೇಶಕರು ಬೇಸತ್ತು, "ಹೇಗೂ ಅಂಟಿಸ್ಕೊಂಡು ಬರ್ತೀರಲ್ಲ, ಹಾಗೇ ಇರ್ಲಿ ಬಿಡಿ" ಎಂದುಬಿಟ್ಟರು. ಅಮ್ಮನ ಆಸೆ ಅಲ್ಲಿಗೇ ಮುಗಿಯಿತು ಸ್ವಾಮಿ.

ಆದರೂ ತಮ್ಮ ನಿಷ್ಠೆಯನ್ನು ಮೆಚ್ಚಲೇಬೇಕು. ಇಷ್ಟು ವರ್ಷ ಯಾವ ವಿಮರ್ಶಕನೂ ನನ್ನ ವೇಷವನ್ನು ಇಷ್ಟು ಮನಸಾರೆ ನಂಬಿರಲಿಲ್ಲ. ಆದ್ದರಿಂದ ತಾವು ದಯಮಾಡಿ ಒಂದು ಭಾನುವಾರ ಗೋಡೆಯಿಂದಿಳಿದು ನಮ್ಮ ಮನೆಗೆ ಬಂದು, ನನ್ನ ಬಾಲ್ಯದ ಫೋಟೋಗಳನ್ನು ಕ್ರಮವಾಗಿ ನೋಡಿ, ಊಟ ಮುಗಿಸಿ, ನಾನು ನಾನೇ ಎಂದು ಒಂದು ಪತ್ರ ಬರೆದುಕೊಡಬೇಕಾಗಿ ವಿನಂತಿ.

ನಿನ್ನೆ ತಮಗೆ ಬುದ್ಧಿ ಹೇಳಲೆಂದು ಅಮ್ಮನೇ ಬಂದಿದ್ದರು. ಚಳಿಗೆ ಬೂದು ಮಫ್ಲರನ್ನು ಗಲ್ಲ ಮುಚ್ಚುವಂತೆ ಸುತ್ತಿಕೊಂಡು ತಮ್ಮೆದುರು ನಿಂತರು. ಅವರು ಬಾಯಿ ತೆರೆಯುವ ಮೊದಲೇ ತಾವು "ಸ್ವಾಗತ, ಹಿರಿಯ ನಟರೇ" ಎಂದಿರಿ. ಅಮ್ಮ ಒಳಗೆ ನಡೆದರು. ಗಡ್ಡವಿಲ್ಲದ ನಾನು ಹೊರಗೇ ಉಳಿದೆ.

ತಮ್ಮ ವಿಶ್ವಾಸಿ,
ಗೇಟಿನ ಹೊರಗಿನ ಅಪರಿಚಿತ ವ್ಯಕ್ತಿ

ತಾ.ಕ.: ಒಳಗೆ ಅಮ್ಮನನ್ನು ಕಂಡ ನಿರ್ದೇಶಕರು, ಅಪ್ಪನ ಪಾತ್ರವನ್ನು ಅಜ್ಜಿಯ ಪಾತ್ರವಾಗಿ ಬದಲಿಸಿ ಅವರಿಗೇ ಕೊಟ್ಟಿದ್ದಾರೆ; ಅಮ್ಮನ ಮುಖ ತೆರೆ ತುಂಬ ಕಾಣುತ್ತದಂತೆ. ನಾನು ಮುಖ ಸಪ್ಪೆ ಮಾಡಿಕೊಂಡಾಗ ಅಮ್ಮ, "ಬೇಜಾರು ಯಾಕೋ, ಪರದೆ ಮೇಲೆ ಕಾಣೋದು ನಿನ್ನ ಮುಖಾನೇ. ಬೇಕಾದ್ರೆ ಆ ಯಂತ್ರಾನೇ ಕೇಳು" ಎಂದರು.