ಅಧಿಕೃತ ಕೈಹಿಡಿತ

ಕೂರಂಬೀಲ್ ಪುರಸಭೆಯ ಕಲಾ ಗ್ಯಾಲರಿಯಲ್ಲಿ ಇದುವರೆಗೆ ಕಲೆಯಿಂದ ಯಾವ ಮನುಷ್ಯನ ಬೆರಳಿಗೂ ಗಾಯವಾಗಿಲ್ಲ. ಹದಿನಾರು ವರ್ಷದಿಂದ ಅದರ ಬಾಗಿಲಲ್ಲಿ ಕೂತಿರುವ ನಾನೇ ಇದಕ್ಕೆ ಸಾಕ್ಷಿ.

ಕಳೆದ ಮಾರ್ಚಿನಲ್ಲಿ ಬ್ರೋನ್ವಿನ್ ಲಿಡ್ಡಲ್ ಎಂಬ ಕಲಾವಿದೆ ನಮ್ಮ ಸಭಾಂಗಣದ ನಡುವೆ ಒಂದು ಹಳೇ ಮರದ ಬೇಲಿ ನಿಲ್ಲಿಸಿದಳು. ನಮ್ಮೂರಲ್ಲಿ ಹಿತ್ತಿಲಿಗೂ ಹಿತ್ತಿಲಿಗೂ ನಡುವೆ ಇರುತ್ತದಲ್ಲ, ಅದೇ. ಬೇಲಿಯಲ್ಲಿ ಒಂದು ಹಲಗೆ ಮಾತ್ರ ಇಲ್ಲ. ಆಚೆಗೊಂದು ಕುರ್ಚಿ, ಈಚೆಗೊಂದು ಕುರ್ಚಿ. ಪಕ್ಕದಲ್ಲಿ ಒಂದು ಫಲಕ: ‘ಬೇಲಿ ನಮ್ಮನ್ನು ಕಾಯುತ್ತದೆಯೋ, ಅಗಲಿಸುತ್ತದೆಯೋ? ಕೂತು, ಆಚೆಯವರ ಕೈ ಹಿಡಿದು ನೋಡಿ.’

ಮೊದಲ ದಿನವೇ ಬಂದ ಎಪ್ಪತ್ತಾರರ ನೊರೀನ್ ಆ ಫಲಕವನ್ನು ಮೂರು ಸಲ ಓದಿದಳು. ಅವಳ ಅಕ್ಕ ವಾಲ್ಡಾ ಇರುವುದು ಅವಳ ಹಿತ್ತಿಲ ಬೇಲಿಯಾಚೆಯೇ. ಹನ್ನೊಂದು ವರ್ಷದ ಹಿಂದೆ ಅಕ್ಕನ ನಿಂಬೆ ಮರದ ಕೊಂಬೆ ತನ್ನ ಕಡೆ ಬಾಗಿದೆಯೆಂದು ನೊರೀನ್ ಹೇಳದೆ ಕೇಳದೆ ಗರಗಸ ಹಾಕಿಸಿದ್ದಳು. ಕೊಂಬೆ ಬೀಳುವಾಗ ಬೇಲಿಯ ಒಂದು ಹಲಗೆಯನ್ನೂ ಕಿತ್ತುಕೊಂಡು ಬಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ಗುರುವಾರ ಹನ್ನೊಂದಕ್ಕೆ ಇಲ್ಲಿಗೆ ಬಾ ಅಂತ ಕಾಗದ ಹಾಕಿದೀನಿ. ಬರ್ತಾಳೆ ಅಂತೀಯಾ?" ಎಂದು ಮರುದಿನ ಮತ್ತೆ ಬಂದು ನನ್ನನ್ನು ಕೇಳಿದಳು.

"ಬರದೆ ಎಲ್ಲಿ ಹೋಗ್ತಾಳೆ, ಸುಮ್ನಿರಮ್ಮ" ಎಂದೆ. ಒಳಗೊಳಗೇ ನನಗೂ ಅಳುಕಿತ್ತು.

ಬುಧವಾರ ಪುರಸಭೆಯ ಸುರಕ್ಷತಾಧಿಕಾರಿ ಗ್ರಾಂಟ್ ಟ್ರೆಲೋರ್ ಅಳತೆ ಪಟ್ಟಿಯೊಂದಿಗೆ ಆಗಮಿಸಿ, ಹಲಗೆಯಿಲ್ಲದ ಜಾಗದಲ್ಲಿ ಬೆರಳು ತೂರಿಸಿ, ಅರ್ಧ ಗಂಟೆ ಯೋಚಿಸಿದರು. ಸಂಜೆಯೊಳಗೆ ಪ್ರಕಟಣೆ ಬಂತು:

‘ಮಾನವ ಸಂಪರ್ಕವನ್ನು ಅನುಭವಿಸಲು ಬರುವ ಸಾರ್ವಜನಿಕರು ಪರಸ್ಪರ ಮೂರು ಮೀಟರ್ ಅಂತರ ಕಾಯ್ದುಕೊಳ್ಳತಕ್ಕದ್ದು. ಬೇಲಿಯಿಂದ ಸಾರ್ವಜನಿಕರನ್ನು ರಕ್ಷಿಸಲು ಬೇಲಿಯ ಎರಡೂ ಬದಿಗೆ ಬೇಲಿ ಹಾಕಲಾಗಿದೆ. ಕೈ ಹಿಡಿಯುವ ಕ್ರಿಯೆಯನ್ನು ತರಬೇತಿ ಪಡೆದ ಸಿಬ್ಬಂದಿ ಸಂದರ್ಶಕರ ಪರವಾಗಿ ನೆರವೇರಿಸತಕ್ಕದ್ದು.’

ಬ್ರೋನ್ವಿನ್ ಜಗಳಕ್ಕೆ ಬಂದಳು. ಸುರಕ್ಷತಾ ತರಬೇತಿ ಪಡೆಯದ ಕಲಾವಿದರಿಗೆ ಪ್ರವೇಶವಿಲ್ಲದ್ದರಿಂದ ಕಾರು ನಿಲ್ಲಿಸುವ ಜಾಗದಲ್ಲೇ ಕೂಗಾಡಿದಳು. ಅವಳಿಗೂ ಏನೂ ಗಾಯವಾಗಲಿಲ್ಲ.

ಗುರುವಾರ ನೊರೀನ್ ಹತ್ತೂವರೆಗೇ ಬಂದು ಕೂತಳು. ಹನ್ನೊಂದು ಹೊಡೆಯಿತು, ಹತ್ತು ನಿಮಿಷ ಮೇಲಾಯಿತು. ಕಡೆಗೂ ವಾಲ್ಡಾ ಬಂದಳು, ಯಾರ ಮುಖವನ್ನೂ ನೋಡದೆ ಆಚೆ ಬದಿ ಕೂತಳು. ನಾನು ಇಬ್ಬರಿಗೂ ಕೈಹಿಡಿತದ ಅರ್ಜಿ, ಅಂದರೆ ‘ನಮೂನೆ ಏಳು’, ಕೊಟ್ಟೆ.

"ಏನೋ ಇದು, ‘ಹಿಡಿತದ ಬಿಗಿ: ಮೆದು, ಸಾಧಾರಣ, ಗಟ್ಟಿ’?" ವಾಲ್ಡಾ ಗದರಿದಳು. "ನನ್ನ ತಂಗಿ ಕೈ ಹಿಡಿಯೋಕೆ ನಿಮ್ಮ ಅಪ್ಪಣೆ ಬೇಕಾ?"

"ನೀವು ಹಿಡಿಯೋ ಹಾಗಿಲ್ಲಮ್ಮ. ಡ್ಯಾರೆಲ್ ಹಿಡೀತಾನೆ."

ಅಕ್ಕತಂಗಿಯರು ಹೊಸ ಬೇಲಿಗಳ ಹೊರಗಿದ್ದರು; ಒಳಗೆ, ಹಳೇ ಬೇಲಿಯ ಆಚೀಚೆಯ ಕುರ್ಚಿಗಳಲ್ಲಿ ಕಾವಲುಗಾರರಾದ ಡ್ಯಾರೆಲ್ ಮತ್ತು ಟೋಂಗಾದ ಸಿಯೋಸಾಯಾ, ಕಿತ್ತಳೆ ಅಂಗಿ, ರಬ್ಬರ್ ಕೈಗವಸು ತೊಟ್ಟು ಕೂತಿದ್ದರು. ವಾಲ್ಡಾ ಏನೋ ಬರೆದು ಡ್ಯಾರೆಲ್ ಕೈಗೆ ಕೊಟ್ಟಳು. ಅವನು ಓದಿ, ಹಲಗೆಯ ಸಂದಿಯಲ್ಲಿ ಕೈ ತೂರಿಸಿ, ಸಿಯೋಸಾಯಾನ ಕೈಯನ್ನು ಎರಡು ಸಲ ಮೆಲ್ಲಗೆ ಒತ್ತಿದ.

"ಎರಡು ಸಲ ಒತ್ತಿದ ಅಮ್ಮಾ" ಎಂದು ಸಿಯೋಸಾಯಾ ತಿರುಗಿ ವರದಿ ಮಾಡಿದ.

ನೊರೀನ್ ಬಾಯಿಗೆ ಕೈ ಅಡ್ಡ ಹಿಡಿದಳು. "ಚಿಕ್ಕವರಿದ್ದಾಗ ಅಪ್ಪ ಬೈತಿದ್ರೆ, ಮೇಜಿನ ಕೆಳಗೆ ಹಿಂಗೇ ಒತ್ತೋಳು. ನಾನಿದೀನಿ ಅಂತ" ಎಂದಳು. "ಹಾಗಾದ್ರೆ ನೀನೂ ಎರಡು ಸಲ ಒತ್ತಪ್ಪಾ. ಗಟ್ಟಿಯಾಗಿ."

ಸಿಯೋಸಾಯಾ ಒತ್ತಿದ. ಅವನ ಕಣ್ಣೂ ಒದ್ದೆಯಾಗಿತ್ತು. ಕರ್ತವ್ಯದಲ್ಲಿರುವಾಗ ಅದು ನಿಷಿದ್ಧ. ನಾನು ನೋಡಲಿಲ್ಲ, ನನ್ನ ಕನ್ನಡಕವೇ ಮಂಜಾಗಿತ್ತು.

ಆ ವರ್ಷದ ಪ್ರಾದೇಶಿಕ ಕಲಾ ಪ್ರಶಸ್ತಿ ಗ್ರಾಂಟ್ ಅವರ ಬೇಲಿಗಳಿಗೆ ಸಂದಿತು. ಬ್ರೋನ್ವಿನ್ ತರಬೇತಿ ಮುಗಿಸಿ, ಅವರಿಗೆ ಕೈಕುಲುಕಲು ಅರ್ಜಿ ಹಾಕಿಕೊಂಡಿದ್ದಾಳೆ.

ಅಕ್ಕತಂಗಿಯರು ಈಗ ಪ್ರತಿ ಗುರುವಾರ ಬರುತ್ತಾರೆ. ಒಂದೇ ಬೇಲಿಯ ಆಚೀಚೆಯಿಂದ ಎರಡು ಕಾರು. ಹಿತ್ತಿಲ ಬೇಲಿಯ ಆ ಹಲಗೆ ಇನ್ನೂ ಹಾಕಿಲ್ಲ, ಸಂದಿಯಲ್ಲಿ ನಿಂಬೆಹಣ್ಣುಗಳು ನೊರೀನ್ ಕಡೆಗೇ ಉರುಳಿ ಬರುತ್ತವಂತೆ.

"ಹಾಗಿದ್ರೆ ಆ ಸಂದೀಲೇ ಕೈ ಹಿಡಿಯಬಾರದಾ?" ಎಂದು ಮೊನ್ನೆ ಕೇಳಿಯೇಬಿಟ್ಟೆ.

ನೊರೀನ್ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು.

"ಅಲ್ಲಿ ಕಾವಲಿಗೆ ಯಾರಿದಾರೋ?" ಎಂದು ನಮೂನೆಗೆ ಕೈಚಾಚಿದಳು.